ಅಕ್ಕನ ಊಟದ ಮೇಜಿನ ಮೇಲೆ ಸರಿಹೋದ ಒಂದು ಲಿಂಕ್

ಮಕ್ಕಳಿಗಾಗಿ ಮಾಡಿದ ನಮ್ಮ ಅಕ್ಷರದಾಟದ ಪ್ಯಾಕೇಜ್ (ಕಂಪ್ಯೂಟರಿಗೆ ಹಾಕೋಕೆ ಕಟ್ಟಿದ ಫೈಲುಗಳ ಗಂಟು) ನಿನ್ನೆ ರಾತ್ರಿ ಡೆಬಿಯನ್ ಅನ್ನೋ ಮುಕ್ತ ಆಪರೇಟಿಂಗ್ ಸಿಸ್ಟಮ್ ಸೇರಿತು. ಅದಕ್ಕೆ ತಿಂಗಳುಗಟ್ಟಲೆ ಹಿಡೀತು, ಎಷ್ಟೋ ಸಲ ವಾಪಸ್ ಬಂತು. ಅದನ್ನೆಲ್ಲ ಇಲ್ಲಿ ಹೇಳಲ್ಲ.

ಗುಬ್ಬಿ, ನವಿಲು ಅನ್ನೋ ಕನ್ನಡ ಫಾಂಟ್‌ಗಳನ್ನು ಮಾಡಿ ಎಲ್ಲರಿಗೂ ಮುಕ್ತವಾಗಿ ಕೊಟ್ಟವರು, ತಪ್ಪುಗಳನ್ನು ತಾಳ್ಮೆಯಿಂದ ತೋರಿಸಿ ಕೊನೆಗೆ ಅಪ್‌ಲೋಡ್ ಮಾಡಿದವರು, ನಂಬಿ ಲ್ಯಾಬಿನ ಬೀಗದ ಕೈ ಕೊಟ್ಟ ಶಾಲೆಯ ಮೇಷ್ಟ್ರು, ಟೆಸ್ಟ್ ಮಾಡಿಕೊಟ್ಟ ಗೆಳೆಯರು, ಅಮ್ಮ, ಎಲ್ಲರಿಗೂ ಮನಸಾರೆ ಧನ್ಯವಾದ.

ಇನ್ನು ಮಲ್ಲೇಶ್ವರದ ಅಕ್ಕ. ಹೆಸರು ಹಾಕಬೇಡ ಅಂದಿದ್ದಾರೆ. ಆದರೆ ಆ ರಾತ್ರಿಯ ವಿಷಯ ಬರೆಯಬೇಡ ಅಂತ ಹೇಳಿಲ್ಲ.

ಶಾಲೆಗೆ ಮೊದಲು ನಾನು ಕಟ್ಟಿಕೊಟ್ಟ ಪ್ಯಾಕೇಜಿನಲ್ಲಿ ಫಾಂಟ್‌ಗಳು ಒಳಗೇ ಇದ್ದವು. ಡೆಬಿಯನ್‌ನಲ್ಲಿ ಗುಬ್ಬಿ ಬೇರೆ ಪ್ಯಾಕೇಜ್ ಆಗಿ ಆಗಲೇ ಇದೆ. ಒಂದೇ ಫಾಂಟನ್ನು ಎರಡು ಕಡೆ ಯಾಕೆ ಇಡಬೇಕು, ಅಲ್ವಾ? ನಮ್ಮ ಪ್ರತಿಯನ್ನು ತೆಗೆದೆ. ಆ ಫೋಲ್ಡರ್ ಇದ್ದ ಜಾಗದಲ್ಲಿ, ಗುಬ್ಬಿ ಇರುವ ಕಡೆಗೆ ದಾರಿ ತೋರಿಸುವ ಒಂದು ಸಿಂಬಾಲಿಕ್ ಲಿಂಕ್ ಇಟ್ಟೆ. ಎರಡೂ ಯುಎಸ್‌ಆರ್ ಅನ್ನೋ ಒಂದೇ ಫೋಲ್ಡರ್ ಒಳಗೇ ಇರೋದರಿಂದ, ಡೆಬಿಯನ್ ನಿಯಮದಂತೆ ಪೂರ್ತಿ ವಿಳಾಸ ಬರೆಯದೆ ಎರಡು ಚುಕ್ಕೆಯಿಂದ ಶುರುವಾಗುವ ಸಾಪೇಕ್ಷ ಲಿಂಕನ್ನೇ (ತಾನಿರುವ ಜಾಗದಿಂದ ದಾರಿ ಹೇಳುವ ಲಿಂಕ್) ಮಾಡಿದ್ದೆ. ಮನೆಯಲ್ಲಿ ಚೆನ್ನಾಗಿ ನಡೆಯಿತು. ಸಂಜೆ ಬನಶಂಕರಿಯ ಶಾಲೆಗೆ ಹೋಗಿ 18 ಕಂಪ್ಯೂಟರಿಗೂ ಹಾಕಿದೆ. ಅ, ಆ, ಇ ಬರಬೇಕಾದ ಕಡೆ ಬರೀ ಚೌಕಗಳು. 18ರಲ್ಲೂ.

ಅಕ್ಕನಿಗೆ ಫೋನ್ ಮಾಡಿದೆ. ಮೊದಲು ಹಳೇ ಆವೃತ್ತಿಯನ್ನು ವಾಪಸ್ ಹಾಕಿಸಿದರು. ಬೆಳಗಿನ ಕ್ಲಾಸಿಗೆ ತೊಂದರೆ ಇಲ್ಲ ಅಂತಾಯ್ತು. ಆಮೇಲೂ ನಾನು ಫೋನ್ ಇಡಲಿಲ್ಲ. "ಇದು ನನ್ನ ಕೈಲಾಗಲ್ಲ ಅಕ್ಕ, ಬಿಟ್ಟುಬಿಡ್ತೀನಿ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. "ಮೆಟ್ರೋ ಹತ್ತು. ಊಟಕ್ಕೆ ಇಲ್ಲಿಗೇ ಬಾ" ಅಂದರು.

ಸಂಪಿಗೆ ರಸ್ತೆಯಲ್ಲಿ ಇಳಿದಾಗ ಮಳೆ. ಅವರ ಅಮ್ಮ ಬಿಸಿ ಅನ್ನ, ಹುಳಿ ಬಡಿಸಿದರು. ತಟ್ಟೆ ಎತ್ತಿದ ಮೇಲೆ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆವು. "ಮನೇಲಿ ಹೇಗೆ ಟೆಸ್ಟ್ ಮಾಡಿದೆ?" ಅಂತ ಕೇಳಿದರು. ಹಳೇದನ್ನು ತೆಗೆದು ಹೊಸದು ಹಾಕಿ ನೋಡಿದೆ ಅಂದೆ. "ತೆಗೀಬೇಡ. ಹಳೇದರ ಮೇಲೇ ಹಾಕು."

ಹಾಕಿದೆ. ಚೌಕಗಳು ಬಂದವು. ಎಲ್‌ಎಸ್ ಅನ್ನೋ ಆದೇಶ ಕೊಟ್ಟು ಫೋಲ್ಡರಿನ ವಿವರ ತೆಗೆದೆ. ಅಕ್ಕ ಪರದೆಯ ಎಡತುದಿಯಲ್ಲಿ ಬೆರಳಿಟ್ಟರು. ಲಿಂಕ್ ಆಗಿದ್ದರೆ ಆ ಸಾಲು ಎಲ್ ಅಕ್ಷರದಿಂದ ಶುರುವಾಗಬೇಕು. ಅಲ್ಲಿ ಇದ್ದದ್ದು ಡಿ. ಅಂದರೆ ಹಳೇ ಫೋಲ್ಡರೇ ಉಳಿದುಕೊಂಡಿತ್ತು, ಒಳಗೆ ಏನೂ ಇಲ್ಲದೆ. ಒಂದು ಜಾಗದಲ್ಲಿ ಆಗಲೇ ಫೋಲ್ಡರ್ ಇದ್ದರೆ ಪ್ಯಾಕೇಜ್ ಹಾಕುವ ಡಿಪಿಕೆಜಿ ಅನ್ನೋ ಪ್ರೋಗ್ರಾಂ ತಾನಾಗಿ ಅದನ್ನು ತೆಗೆದು ಲಿಂಕ್ ಇಡಲ್ಲ. ಹಳೇ ಫಾಂಟ್‌ಗಳು ಹೋದವು, ಹೊಸ ಲಿಂಕ್ ಬರಲೇ ಇಲ್ಲ.

ನಾನು ಅಲ್ಲೇ ಅತ್ತುಬಿಟ್ಟೆ. ಬರೆಯೋಕೆ ಸಂಕೋಚ ಆಗುತ್ತೆ, ಆದರೂ ಬರೀತೀನಿ. ನನ್ನ ಒಂದು ಸಾಲಿನಿಂದ ಮಕ್ಕಳ ಅಕ್ಷರ ಹೋಯ್ತಲ್ಲ ಅನ್ನೋ ದುಃಖ ತಡೆಯೋಕಾಗಲಿಲ್ಲ. ಅಕ್ಕ ಸಮಾಧಾನ ಹೇಳಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲೇ, ಪ್ರೋಗ್ರಾಂಗಳು ಸಿಗುವ ಬಿನ್ ಅನ್ನೋ ಜಾಗ ತೋರಿಸಿದರು. "ಇದೂ ಲಿಂಕೇ ಕಣೋ. ಮೊದಲು ನಿಜವಾದ ಫೋಲ್ಡರ್ ಆಗಿತ್ತು, ಈಗ ಯುಎಸ್‌ಆರ್ ಒಳಗಿನ ಬಿನ್‌ಗೆ ಕಳಿಸುತ್ತೆ. ಇದನ್ನು ಬದಲಾಯಿಸೋಕೆ ಇಡೀ ಡೆಬಿಯನ್‌ಗೆ ಎಷ್ಟೋ ವರ್ಷ ಬೇಕಾಯ್ತು. 2023ರಲ್ಲಿ ಬಂದ 12ನೇ ಆವೃತ್ತಿಯಲ್ಲಿ ಕಡ್ಡಾಯ ಆಯ್ತು. ಆಮೇಲೂ ಕೆಲಸ ಉಳಿದಿತ್ತು. ನಿಂಗೆ ಒಂದು ರಾತ್ರಿ ಹಿಡಿದರೆ ಏನಾಯ್ತು?"

ಇಂಥ ಬದಲಾವಣೆಗೆ ಡಿಪಿಕೆಜಿ ಜೊತೆಗೇ ಒಂದು ಸಹಾಯಕ ಬರುತ್ತೆ. ಪ್ಯಾಕೇಜ್ ಕಟ್ಟುವಾಗ ಬರೆಯುವ ಮೇಂಟ್‌ಸ್ಕ್ರಿಪ್ಟ್ ಅನ್ನೋ ಫೈಲಿನಲ್ಲಿ 'ಡಿರ್ ಟು ಸಿಮ್‌ಲಿಂಕ್' (ಫೋಲ್ಡರಿನಿಂದ ಲಿಂಕಿಗೆ) ಅನ್ನೋ ಒಂದು ಸಾಲು ಬರೆದು, ಹಳೇ ಫೋಲ್ಡರ್, ಹೊಸ ಗುರಿ, ಯಾವ ಆವೃತ್ತಿವರೆಗೆ ಅನ್ನೋದನ್ನು ಕೊಟ್ಟರೆ ಸಾಕು. ಅಕ್ಕನಿಗೆ ಎರಡು ನಿಮಿಷದ ಕೆಲಸ. ಆದರೆ ಅವರು ಕೀಬೋರ್ಡ್ ಮುಟ್ಟಲಿಲ್ಲ. ಕೈಪಿಡಿಯ ಪುಟ ತೆಗೆದುಕೊಟ್ಟು ಪಕ್ಕದಲ್ಲಿ ಕೂತರು. ನಾನು ಆವೃತ್ತಿಯ ಸಂಖ್ಯೆಯನ್ನು ಎರಡು ಸಲ ತಪ್ಪು ಬರೆದೆ. ಅವರು ಕಾದರು. ಒಂದು ಗಂಟೆಗೆ ಕಾಫಿ ಮಾಡಿದರು. ಬೆಳಗ್ಗೆ ಅವರಿಗೂ ಆಫೀಸು ಇತ್ತು.

ಎರಡೂವರೆಗೆ ಹಳೇದರ ಮೇಲೆ ಹೊಸದು ಹಾಕಿದೆ. ಸಾಲಿನ ಮೊದಲಲ್ಲಿ ಎಲ್ ಬಂತು. ಆಟ ತೆರೆದೆ. ಗುಬ್ಬಿಯಲ್ಲಿ ದುಂಡಗೆ 'ಅ' ಕಂಡಿತು. "ಈಗ ಇನ್ನೊಂದು ಸಲ ಹಳೇದು ಹಾಕಿ, ಅದರ ಮೇಲೆ ಹೊಸದು ಹಾಕು" ಅಂದರು ಅಕ್ಕ. ಮೂರು ಸಲ ಮಾಡಿಸಿದರು.

ಈಗ ಪ್ರತಿ ಬದಲಾವಣೆಯನ್ನೂ ಹಳೇದರ ಮೇಲೆ ಹಾಕಿಯೇ ನೋಡ್ತೀನಿ. ಶಾಲೆಯ 18 ಕಂಪ್ಯೂಟರಿನಲ್ಲೂ ಹೊಸ ಪ್ಯಾಕೇಜ್ ಇದೆ.

ಅಕ್ಕ, ಇಲ್ಲಿ ನಿಮ್ಮ ಹೆಸರು ಹಾಕಿಲ್ಲ. ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ), ಆ ಲಿಂಕ್ ಸರಿಮಾಡಿದ ಸಾಲಿನ ಪಕ್ಕದಲ್ಲಿ ಮಾತ್ರ ಹಾಕಿದ್ದೀನಿ. ಅದನ್ನು ತೆಗೀ ಅಂತ ಕೇಳಬೇಡಿ.