ನಕ್ಷತ್ರಲೋಕಕ್ಕೆ ಹೋದರೂ ಚಿಕ್ಕಮ್ಮನ ಮಗಳೇ?

ಮಾನ್ಯ ಸಂಪಾದಕರೇ,

ಸೋಮವಾರದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದ ಕಾದಂಬರಿ ಬಿಡುಗಡೆಯ ವರದಿ ಓದಿದೆ. ನಿಮ್ಮ ವರದಿಗಾರರು ಬೆನ್ನುಡಿ ಬಿಟ್ಟು ಆ ಪುಸ್ತಕದ ಒಂದು ಪುಟವನ್ನೂ ತಿರುವಿ ನೋಡಿಲ್ಲ ಎಂದು ಪಂಥ ಕಟ್ಟಲು ನಾನು ತಯಾರಿದ್ದೇನೆ. ಬೆನ್ನುಡಿಯ ಸಾಲುಗಳೇ ವರದಿಯಲ್ಲೂ ಬಂದಿವೆ, ಅದರ ಅಚ್ಚಿನ ತಪ್ಪಿನ ಸಮೇತ. 'ಕಿಕ್ಕಿರಿದ ಸಭೆ' ಎಂದು ಬೇರೆ ಬರೆದಿದ್ದಾರೆ. ನಾನೂ ಅಲ್ಲೇ ಇದ್ದೆ ಮಾರಾಯ್ರೇ. ಕಿಕ್ಕಿರಿದದ್ದು ವೇದಿಕೆ. ಕೆಳಗೆ ಕುರ್ಚಿಗಳು ಬೇಕಾದಷ್ಟು ಖಾಲಿ ಇದ್ದವು.

ನಾನು ಈ ಲೇಖಕಿಯ ವಿರೋಧಿ ಅಲ್ಲ. ಹೈಸ್ಕೂಲಿನಿಂದ ಅವರ ಒಂದು ಪುಸ್ತಕವನ್ನೂ ಬಿಟ್ಟವಳಲ್ಲ. ಮಂಗಳೂರಿಗೆ ಹೋಗುವವರಿಗೆ ದುಡ್ಡು ಕೊಟ್ಟು ತರಿಸಿ ಓದಿದ್ದೇನೆ. ಈ ಸಲ ಇಬ್ಬರು ಹೆಂಗಸರ ಪ್ರೀತಿಯ ಕಥೆ, ಅದೂ ಬಾಹ್ಯಾಕಾಶದಲ್ಲಿ, ಕನ್ನಡದಲ್ಲೇ ಒಂದು ಕ್ವೀರ್ ಅಂತರಿಕ್ಷ ಕಾದಂಬರಿ ಅಂತ ಕೇಳಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಪುಸ್ತಕವನ್ನು ಮೊದಲೇ ಆರ್ಡರ್ ಮಾಡಿದ್ದೆ. ಬಂದದ್ದು ಮಳೆಗೆ ನೆನೆದು, ಮೂಲೆ ಮಡಚಿಕೊಂಡು. ಕೊರಿಯರ್‌ನವರು ಅದನ್ನು ಪಕ್ಕದ ಮನೆಯ ಕಾಂಪೌಂಡಿನೊಳಗೆ ಎಸೆದು ಹೋಗಿದ್ದರು. ಬಿಡುಗಡೆಯ ದಿನ ಲೇಖಕಿಯ ಸಹಿ ಹಾಕಿಸಿಕೊಳ್ಳುವಾಗ ಆ ಒದ್ದೆ ಪುಸ್ತಕ ಹಿಡಿದು ನಿಲ್ಲಲು ನಾಚಿಕೆಯಾಗಿ ಅಲ್ಲೇ ಇನ್ನೊಂದು ಕೊಂಡೆ. ಈಗ ನನ್ನ ಹತ್ತಿರ ಎರಡು ಪ್ರತಿ ಉಂಟು. ಯಾರಿಗಾದರೂ ಬೇಕಾದರೆ ಎರಡನ್ನೂ ಕೊಡುತ್ತೇನೆ.

ಬದಿಯಡ್ಕದಿಂದ ಕಾಸರಗೋಡಿಗೆ ಬರುವುದೆಂದರೆ ಈಗ ಎಂಥ ಯೋಗ ಎಂದು ನಿಮಗೆ ಗೊತ್ತೇ ಇದೆ. ಚೆರ್ಕಳದ ಹೆದ್ದಾರಿ ಕೆಲಸದಲ್ಲಿ ಬಸ್ ನಿನ್ನೆ ನಿಂತ ಕಡೆ ಇವತ್ತು ನಿಲ್ಲುವುದಿಲ್ಲ. ಧೂಳು ತಿಂದು, ಅರ್ಧ ದಿನದ ರಜೆ ಹಾಕಿ, ಮೂರು ಗಂಟೆಗೆಂದು ಆಮಂತ್ರಣದಲ್ಲಿದ್ದ ಕಾರ್ಯಕ್ರಮಕ್ಕೆ ಮೂರಕ್ಕೇ ಬಂದು ಕೂತವರು ನಾವು ಕೆಲವರು. ಶುರುವಾದದ್ದು ಐದಕ್ಕೆ. ಉದ್ಘಾಟಿಸುವ ಅಧಿಕಾರಿ ಬರಬೇಕಿತ್ತಂತೆ. ಬಂದರು, ದೀಪ ಹಚ್ಚಿದರು, ಇನ್ನೊಂದು ಮೀಟಿಂಗ್ ಇದೆ ಎಂದು ಹೊರಟೇ ಹೋದರು. ನಂತರ ಮೈಕು ಹಿಡಿದವರು ಗಡಿ ವಿವಾದದ 1967ರ ಮಹಾಜನ ವರದಿಯಿಂದ ಶುರು ಮಾಡಿ, ಚಂದ್ರಗಿರಿ ಹೊಳೆ ದಾಟಿ, ಕವಿಗಳಾದ ಗೋವಿಂದ ಪೈ, ಕಯ್ಯಾರರನ್ನು ನೆನೆದು, ಚಂದ್ರಯಾನಕ್ಕೆ ಬಂದು ನಿಲ್ಲಿಸಿದರು. ಗೋವಿಂದ ಪೈಗಳ ಬಗ್ಗೆ ನನಗೂ ಗೌರವ ಇದೆ. ಆದರೆ ಆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ ಎಂಬ ಮಾತು ಇಡೀ ವೇದಿಕೆಯಲ್ಲಿ ಒಬ್ಬರ ಬಾಯಿಯಿಂದಲೂ ಬರಲಿಲ್ಲವಲ್ಲ! ನಿಮ್ಮ ವರದಿಯಲ್ಲೂ ಇಲ್ಲ. 'ದಿಟ್ಟ ಕೃತಿ' ಎಂದಿದ್ದೀರಿ. ದಿಟ್ಟತನ ಎಲ್ಲಿದೆ ಅಂತ ಹೇಳುವ ಧೈರ್ಯ ನಿಮಗೂ ಬರಲಿಲ್ಲ ಅಲ್ವಾ?

ಸರಿ, ಬೈದದ್ದು ಸಾಕು, ಪುಸ್ತಕಕ್ಕೆ ಬರೋಣ. ಅಂತರಿಕ್ಷದಲ್ಲಿ ಹಡಗು ಸ್ಫೋಟವಾದ ಸದ್ದು ಪಕ್ಕದ ಹಡಗಿಗೆ ಕೇಳುತ್ತದೆ. ಗಾಳಿ ಇಲ್ಲದ ಕಡೆ ಸದ್ದು ಸಾಗುವುದಿಲ್ಲ ಎಂದು ಎಂಟನೇ ಕ್ಲಾಸಿನ ಮಕ್ಕಳಿಗೆ ಗೊತ್ತು. ಭೂಮಿಯಿಂದ ಮಂಗಳಕ್ಕೆ ಒಂದು ಮಾತು ಮುಟ್ಟಲು ಕಡಿಮೆ ಎಂದರೂ 3 ನಿಮಿಷ ಬೇಕು, ದೂರ ಹೆಚ್ಚಿದ್ದಾಗ 22 ನಿಮಿಷದವರೆಗೂ ಹೋಗುತ್ತದೆ. ಇಲ್ಲಿ ನಾಯಕಿ ಗ್ರಹದಿಂದ ಗ್ರಹಕ್ಕೆ ಜಗಳವಾಡುತ್ತಾಳೆ, ಮಾತಿಗೆ ಮಾತು. ಇದೆಲ್ಲ ಹೋಗಲಿ. ಇದು ವಿಜ್ಞಾನದ ಪಾಠ ಅಲ್ಲ, ಫ್ಯಾಂಟಸಿ. ತೆಂಕುತಿಟ್ಟಿನ ಯಕ್ಷಗಾನ ಆಟ ನೋಡಿ ಬೆಳೆದವರು ನಾವು. ಭಾಗವತರು ಪದ ಎತ್ತಿದರೆ ಸಾಕು, ರಂಗಸ್ಥಳವೇ ಇಂದ್ರನ ಸಭೆ. ಮೀಸೆ ತೆಗೆದು ಬಂದವನು ಅಲ್ಲಿ ದಮಯಂತಿ. ಯಾರೂ ತಕರಾರು ಮಾಡುವುದಿಲ್ಲ. ಆದರೆ ಆಟಕ್ಕೂ ಒಂದು ಕ್ರಮ ಉಂಟು. ಈ ಹಡಗು ಎರಡನೇ ಅಧ್ಯಾಯದಲ್ಲಿ ಚಂದ್ರದೇವಿಯ ಹಾಡಿನಿಂದ ಓಡುತ್ತದೆ, ಆರನೇ ಅಧ್ಯಾಯದಲ್ಲಿ ಇಂಧನ ಮುಗಿಯಿತೆಂದು ಪೆಟ್ರೋಲ್ ಬಂಕಿಗೆ ಬಂದ ಜೀಪಿನ ಹಾಗೆ ಕ್ಯೂ ನಿಲ್ಲುತ್ತದೆ. ಹಾಡು ಏನಾಯಿತು? ಲೇಖಕಿಗೂ ಮರೆತಿದೆ.

ನನಗೆ ತಡೆಯಲಾಗದ ಸಿಟ್ಟು ಬಂದದ್ದು ಬೇರೆ ಕಡೆ. ಆ ಇಬ್ಬರು ಮೊದಲ ಸಲ ಜೊತೆಯಾಗಿ ಹಡಗು ಹತ್ತುತ್ತಾರೆ. ಕ್ಯಾಪ್ಟನ್ ಕೇಳುತ್ತಾನೆ, ಇವಳು ಯಾರು? ನಾಯಕಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, 'ನನ್ನ ಚಿಕ್ಕಮ್ಮನ ಮಗಳು' ಎನ್ನುತ್ತಾಳೆ. ಎರಡು ಸೂರ್ಯ, ಏಳು ಗ್ರಹ, ಮಾತಾಡುವ ಧೂಮಕೇತು ಇರುವ ಲೋಕದಲ್ಲಿ! ಬಾಡಿಗೆ ಮನೆ ಓನರಿಗೆ ಇದೇ ಸುಳ್ಳು ಹೇಳಿ, ಎರಡು ಮಂಚ ತೋರಿಸಿ ಬದುಕುವವರು ಈ ಗಡಿನಾಡಿನಲ್ಲೂ ಇದ್ದಾರೆ. ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಅವರಿಗೆ ಬೇರೆ ದಾರಿ ಇಲ್ಲ. ಲೇಖಕಿಗೆ ಏನು ಕಷ್ಟವಿತ್ತು? ಅಲ್ಲಿ ಓನರೂ ಇಲ್ಲ, ಬಾಡಿಗೆಯೂ ಇಲ್ಲ.

ಮುನ್ನೂರು ಚಿಲ್ಲರೆ ಪುಟ ಕಾದ ಮೇಲೆ ಇಬ್ಬರೂ ಕೈ ಹಿಡಿಯುತ್ತಾರೆ. ಮುಂದಿನ ಅಧ್ಯಾಯದಲ್ಲೇ ಒಬ್ಬಳು ಸಾಯುತ್ತಾಳೆ, ಉಳಿದವಳು ಸೇನಾಪತಿಯ ಮಗನನ್ನು ಮದುವೆಯಾಗುತ್ತಾಳೆ. ದಿಬ್ಬಣಕ್ಕೆ ಮಾತ್ರ ನಾಲ್ಕು ಪುಟ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ನಿನ ಕತ್ತಿಯನ್ನು ಸುಪ್ರೀಂ ಕೋರ್ಟ್ ತೆಗೆದದ್ದು 2018ರ ಸೆಪ್ಟೆಂಬರ್ 6ಕ್ಕೆ. ಇಂಥವರ ಮದುವೆಗೆ ಮಾನ್ಯತೆ ಕೊಡಲಾಗದು ಎಂದದ್ದು 2023ರ ಅಕ್ಟೋಬರ್ 17ಕ್ಕೆ. ಭೂಮಿಯ ಕೋರ್ಟಿಗೆ ಅದರದ್ದೇ ಮಿತಿ ಇರಬಹುದು. ತಾನೇ ಗ್ರಹಗಳನ್ನು ಹುಟ್ಟಿಸಿದ ಲೇಖಕಿಗೆ ಯಾವ ಪೀಠದ ಹೆದರಿಕೆ?

ನಿಜವಾದ ಅಂತರಿಕ್ಷವೇ ಇದಕ್ಕಿಂತ ಮುಂದಿದೆ. ಸ್ಯಾಲಿ ರೈಡ್ ಅಮೆರಿಕದಿಂದ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ, 1983ರಲ್ಲಿ. 2012ರಲ್ಲಿ ಅವರು ತೀರಿಕೊಂಡಾಗಷ್ಟೇ ಜಗತ್ತಿಗೆ ತಿಳಿದದ್ದು, ಇನ್ನೊಬ್ಬ ಮಹಿಳೆಯೇ 27 ವರ್ಷ ಅವರ ಬಾಳಸಂಗಾತಿಯಾಗಿದ್ದರು ಎಂದು. ಅವರು ಅಷ್ಟು ಕಾಲ ಸುಮ್ಮನಿದ್ದುದಕ್ಕೆ ಕಾರಣ ಇದ್ದೀತು. ಕಾದಂಬರಿಯ ಪಾತ್ರ ಯಾಕೆ ಸುಮ್ಮನಿರಬೇಕು?

ಇದನ್ನು ಅಲ್ಲೇ ಕೇಳೋಣ ಎಂದರೆ 'ಸಂವಾದ' ಎಂದು ಆಮಂತ್ರಣದಲ್ಲಿದ್ದ ಕಲಾಪವನ್ನು ಸಮಯದ ಅಭಾವದಿಂದ ಕೈಬಿಟ್ಟರು. ಸಮಯ ತಿಂದವರು ಯಾರು? ಈ ಅಧಿಕಾರಿಗಳದ್ದು ಇದೇ ಕಥೆ. ಕನ್ನಡದವರ ಕಾರ್ಯಕ್ರಮ ಎಂದರೆ ಎರಡು ಗಂಟೆ ತಡ, ಕನ್ನಡದವರ ಅರ್ಜಿ ಎಂದರೆ ಎರಡು ವರ್ಷ ತಡ. ಫಾರಂ ಕನ್ನಡದಲ್ಲಿ ಕೊಡಿ ಎಂದರೆ ಮುಗಿದಿದೆ ಎನ್ನುತ್ತಾರೆ. ಯಾವಾಗ ಬಂದಿತ್ತು ಮುಗಿಯಲಿಕ್ಕೆ? ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕುತ್ತಾರೆ. ತೃತೀಯ ಲಿಂಗಿಗಳಿಗೆ ದೇಶದಲ್ಲೇ ಮೊದಲು 2015ರಲ್ಲಿ ನೀತಿ ತಂದ ರಾಜ್ಯ ನಮ್ಮ ಕೇರಳ ಎಂದು ಭಾಷಣದಲ್ಲಿ ಎದೆ ತಟ್ಟುತ್ತಾರೆ. ಅದರ ಬಗ್ಗೆ ನಾಲ್ಕು ಸಾಲು ಕನ್ನಡದಲ್ಲಿ ಕೊಡಿ ಎಂದು ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಯಾರಿಗೆ?' ಎಂದು ಕೇಳಿದರು. ನಮ್ಮೂರ ಲೈಬ್ರರಿಯಲ್ಲಿ ಹೊಸ ಕನ್ನಡ ಪುಸ್ತಕ ಸಿಗುವುದೆಂದರೆ ಲಾಟರಿ ಹೊಡೆದಂತೆ. ಈ ಕಾದಂಬರಿ ಮಾತ್ರ ಬೇಗ ಬಂದೀತು. ಯಾರಿಗೂ ತೊಂದರೆಯಾಗದ ಪುಸ್ತಕ ತಾನೇ!

ಕೊನೆಯ ಬಸ್ಸೂ ತಪ್ಪಿತು. ರಿಕ್ಷಾಕ್ಕೆ ಕೊಟ್ಟ ದುಡ್ಡಿನಲ್ಲಿ ಇದೇ ಲೇಖಕಿಯ ಹಳೆಯ ಒಳ್ಳೆಯ ಪುಸ್ತಕ ಇನ್ನೊಮ್ಮೆ ಕೊಳ್ಳಬಹುದಿತ್ತು.

ಇನ್ನಾದರೂ ನಿಮ್ಮ ಪತ್ರಿಕೆ ಪುಸ್ತಕ ಓದಿದವರಿಂದಲೇ ವರದಿ ಬರೆಸಲಿ, ಇಲ್ಲದಿದ್ದರೆ ಫೋಟೊ ಹಾಕಿ ಸುಮ್ಮನಿರಲಿ. ಲೇಖಕಿ ಎರಡನೇ ಭಾಗ ಬರೆಯುವುದು ಬೇಡ. ಬರೆದರೆ ಸತ್ತವಳನ್ನು ಎಬ್ಬಿಸಿ ತರಲಿ, ಹಾಡಿನಿಂದ ಹಡಗು ಓಡಿಸಿದವರಿಗೆ ಅದೇನು ಕಷ್ಟ? ಅಧಿಕಾರಿಗಳು ಗಡಿಯಾರ ನೋಡಿ ಬರಲಿ, ಬಾರದಿದ್ದರೆ ಇನ್ನೂ ಒಳ್ಳೆಯದು. ಚೆರ್ಕಳದಲ್ಲಿ ಬಸ್ ಎಲ್ಲಿ ನಿಲ್ಲುತ್ತದೆ ಎಂದು ಸಂಬಂಧಪಟ್ಟವರು ಯಾರಾದರೂ ಒಂದು ಬೋರ್ಡು ಹಾಕಲಿ, ಕನ್ನಡದಲ್ಲೂ.

ಇತಿ,
ಓದುಗಳೊಬ್ಬಳು, ಬದಿಯಡ್ಕ
(ಹೆಸರು ಹಾಕಬೇಡಿ. ಓನರ್ ನಿಮ್ಮದೇ ಪತ್ರಿಕೆ ತರಿಸುತ್ತಾರೆ.)