ಒಂದೇ ದರ ಬಂದರೆ ತೆರಿಗೆ ಸುಲಭವಾಗುತ್ತಾ?

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎಲ್ಲರಿಗೂ ಒಂದೇ ದರದ ಆದಾಯ ತೆರಿಗೆ ಇರಬೇಕು ಅಂತ ನೀನು ಬರೆದ ಪ್ರಬಂಧ ಓದಿದೆ. ತೆರಿಗೆ ಸುಲಭವಾಗಬೇಕು ಅನ್ನೋದರಲ್ಲಿ ನಾನೂ ನಿನ್ನ ಕಡೆಯೇ. ತಾನು ಕಟ್ಟಬೇಕಾದ್ದು ಎಷ್ಟು ಅಂತ ತಿಳಿಯೋಕೇ ಇನ್ನೊಬ್ಬರಿಗೆ ದುಡ್ಡು ಕೊಡಬೇಕಾಗಿ ಬರೋದು ಅನ್ಯಾಯ. ಆದರೆ ತೊಡಕಿಗೆಲ್ಲ ಸ್ಲ್ಯಾಬುಗಳೇ, ಅಂದರೆ ಆದಾಯ ಏರಿದಂತೆ ದರವೂ ಏರುವ ಹಂತಗಳೇ ಕಾರಣ ಅಂದಿದ್ದೀಯಲ್ಲ, ಅದನ್ನು ಒಪ್ಪಲಾರೆ.

ಯಾವುದಾದರೂ ರಿಟರ್ನ್ಸ್ ಫಾರಂ ಮುಂದಿಟ್ಟುಕೊಂಡು ನೋಡು. ಸ್ಲ್ಯಾಬ್ ಲೆಕ್ಕ ಬರೋದು ಕೊನೆಗೆ. ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಮುಗಿಸುತ್ತದೆ. ತಲೆ ಕೆಡೋದು ಅದಕ್ಕೂ ಮುಂಚೆ. ಆದಾಯ ಅಂದರೆ ಯಾವುದು? ಒಂದೇ ಕಾರಿನಲ್ಲಿ ವ್ಯಾಪಾರಕ್ಕೂ ಓಡಾಡಿ, ಮಕ್ಕಳನ್ನು ಶಾಲೆಗೂ ಬಿಟ್ಟರೆ ಪೆಟ್ರೋಲ್ ಖರ್ಚಿನಲ್ಲಿ ಎಷ್ಟನ್ನು ಕಳೆಯಬಹುದು? ಮನೆ ಸಾಲದ ಬಡ್ಡಿ, ವಿಮೆ, ದಾನ, ಆಸ್ತಿ ಮಾರಿದ ಲಾಭ ಎಲ್ಲಕ್ಕೂ ಬೇರೆ ಬೇರೆ ವಿನಾಯಿತಿ, ಬೇರೆ ಬೇರೆ ಷರತ್ತು. ಇವನ್ನು ಹಾಗೇ ಬಿಟ್ಟು ದರ ಮಾತ್ರ ಒಂದು ಮಾಡಿದರೆ ಏನು ಬಂತು? ಹಾಂ, ಮನೆಯವರ ಹೆಸರಿಗೆ ಆದಾಯ ಹಂಚಿ ಕೆಳಗಿನ ಸ್ಲ್ಯಾಬಿಗೆ ಇಳಿಸೋದು ಬಹುಮಟ್ಟಿಗೆ ನಿಲ್ಲುತ್ತದೆ. ಅದು ಒಳ್ಳೆಯದೇ.

ಅಮೆರಿಕದ ವಿದ್ವಾಂಸರಾದ ರಾಬರ್ಟ್ ಹಾಲ್, ಆಲ್ವಿನ್ ರಬುಷ್ಕಾ 1981ರಲ್ಲಿ 19% ಒಂದೇ ದರ ಸೂಚಿಸಿದಾಗ, ಫಾರಂ ಪೋಸ್ಟ್ ಕಾರ್ಡಿನಷ್ಟೇ ಇರುತ್ತದೆ ಅಂದರು. ಅದು ಅಷ್ಟು ಚಿಕ್ಕದಾಗಿದ್ದು ಗೃಹ ಸಾಲದ ಬಡ್ಡಿ, ದಾನ ಮುಂತಾದ ಕಡಿತಗಳನ್ನೆಲ್ಲ ತೆಗೆದುಹಾಕಿದ್ದರಿಂದ. ಈ ಕಷ್ಟದ ಭಾಗವನ್ನೇ ನೀನು ಒಂದು ಸಾಲಿನಲ್ಲಿ ಮುಗಿಸಿದ್ದೀಯ. ಪ್ರತಿ ವಿನಾಯಿತಿಯ ಹಿಂದೆಯೂ ಅದನ್ನು ಬಿಟ್ಟುಕೊಡದ ಒಂದು ಗುಂಪು ಇರುತ್ತದೆ, ಅಲ್ವಾ?

ಬಡವರಿಗೆ ಹೊರೆಯಾಗುತ್ತದೆ ಅನ್ನೋ ಮಾತಿಗೆ ನೀನು ಕೊಟ್ಟ ಉತ್ತರ ಸರಿಯಾಗಿದೆ. ಮೊದಲ 100ಕ್ಕೆ ತೆರಿಗೆ ಇಲ್ಲ, ಮಿಕ್ಕಿದ್ದಕ್ಕೆ 20% ಅಂದುಕೊಳ್ಳೋಣ. 150 ದುಡಿಯುವವರು 10 ಕಟ್ಟುತ್ತಾರೆ, 1000 ದುಡಿಯುವವರು 180. ಒಟ್ಟು ಆದಾಯದಲ್ಲಿ ಒಬ್ಬರಿಗೆ 7%ಗಿಂತ ಕಡಿಮೆ, ಇನ್ನೊಬ್ಬರಿಗೆ 18%. ಆದರೆ ನಡುವಿನವರನ್ನು ಮರೆತಿದ್ದೀಯ. ಮೇಲಿನವರ ದರ ಇಳಿಸಿ, ಬಡವರನ್ನೂ ಕಾಪಾಡಿ, ಖಜಾನೆಗೆ ಮೊದಲಿನಷ್ಟೇ ಹಣ ಬರಬೇಕು ಅಂದರೆ ಕೊರತೆ ತುಂಬೋರು ಅವರೇ.

ಎಸ್ಟೋನಿಯಾ 1994ರಲ್ಲಿ 26% ಒಂದೇ ದರ ತಂದಿತು ಅಂತ ಬರೆದಿದ್ದೀಯ. ಅದರ ಜೊತೆಗೆ ಉಳಿದವರ ಕಥೆಯನ್ನೂ ಸೇರಿಸು. ಸ್ಲೊವಾಕಿಯಾ 2004ರಲ್ಲಿ 19% ತಂದು 2013ರಲ್ಲಿ ಎರಡನೇ ದರ ಸೇರಿಸಿತು. ರಷ್ಯಾ 2001ರಿಂದ 13% ಇಟ್ಟುಕೊಂಡು, 2021ರಲ್ಲಿ ಹೆಚ್ಚು ಆದಾಯದವರಿಗೆ 15% ಮಾಡಿತು.

ಪ್ರಬಂಧ ಕಳಿಸುವ ಮುಂಚೆ ಯಾವ ವಿನಾಯಿತಿ ತೆಗೀಬೇಕು ಅಂತ ಹೆಸರು ಹಿಡಿದು ಬರಿ. ಮಧ್ಯಮ ಆದಾಯದ ಒಂದು ಸಂಸಾರದ ತೆರಿಗೆಯನ್ನು ಈಗಿನ ಸ್ಲ್ಯಾಬ್ ಪದ್ಧತಿ, ನೀನು ಹೇಳುವ ಒಂದೇ ದರದ ಪದ್ಧತಿ ಎರಡರಲ್ಲೂ ಲೆಕ್ಕ ಹಾಕಿ ತೋರಿಸು. ತಿದ್ದಿದ ಪ್ರತಿ ನನಗೂ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ