ತೂಕ ಇಳಿಸುವ ಮಾತ್ರೆಗಳ ಬಗ್ಗೆ ಸದಸ್ಯರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ವೈದ್ಯರ ಚೀಟಿಯಿಲ್ಲದೆ ಸಿಗುವ ತೂಕ ಇಳಿಸುವ ಮಾತ್ರೆಗಳ ಜಾಹೀರಾತುಗಳನ್ನು ಇನ್ನು ಮುಂದೆ ಗುಂಪಿನಲ್ಲಿ ಹಾಕಬೇಡಿ, ಹಾಕಿದರೆ ಅಳಿಸುತ್ತೇನೆ.

ಇವುಗಳಲ್ಲಿ ಸರಿಯಾದ ಪರೀಕ್ಷೆ ದಾಟಿ ಬಂದದ್ದು ಆರ್ಲಿಸ್ಟಾಟ್. ಅಮೆರಿಕದಲ್ಲಿ 2007ರಲ್ಲಿ ಇದರ 60 ಮಿಲಿಗ್ರಾಂ ಗುಳಿಗೆಯನ್ನು ಚೀಟಿಯಿಲ್ಲದೆ ಮಾರಲು ಒಪ್ಪಿಗೆ ಸಿಕ್ಕಿತು. ಇದು ಹಸಿವಿನ ತಂಟೆಗೆ ಹೋಗುವುದಿಲ್ಲ. ಕರುಳಿನಲ್ಲಿ ಕೊಬ್ಬನ್ನು ಜೀರ್ಣಿಸುವ ಕಿಣ್ವವನ್ನು ತಡೆಯುತ್ತದೆ. ತಿಂದ ಕೊಬ್ಬಿನ ಸುಮಾರು ಕಾಲು ಭಾಗ ಹಾಗೆಯೇ ಹೊರಬೀಳುತ್ತದೆ. ಹೇಗೆ ಎಂಬುದೇ ತೊಂದರೆ: ಎಣ್ಣೆಯಂಥ ಮಲ, ತಡೆಯಲಾಗದ ಅವಸರ, ಒಳಉಡುಪಿನ ಮೇಲೆ ಕಲೆ. ಜಾಹೀರಾತಿನ ನಗುಮುಖದವರು ಇದನ್ನು ಹೇಳುವುದಿಲ್ಲ ಬಿಡಿ. ಕೊಬ್ಬಿನ ಜೊತೆ ಎ, ಡಿ, ಇ, ಕೆ ಜೀವಸತ್ವಗಳೂ ನಷ್ಟವಾಗುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಇಷ್ಟಕ್ಕೂ, ಬರಿಯ ಪಥ್ಯಕ್ಕಿಂತ ಹೆಚ್ಚಾಗಿ ವರ್ಷದಲ್ಲಿ ಇಳಿಯುವುದು ಸಾಮಾನ್ಯವಾಗಿ ಎರಡು ಮೂರು ಕಿಲೋ. ನನಗಂತೂ ಇದು ಗಿಟ್ಟದ ವ್ಯಾಪಾರ.

‘ಅಪ್ಪಟ ಗಿಡಮೂಲಿಕೆ’ ಎನ್ನುವ ಪೊಟ್ಟಣಗಳು ಇನ್ನೂ ಅಪಾಯ. ಹೃದಯಾಘಾತ, ಪಾರ್ಶ್ವವಾಯುವಿನ ಭಯದಿಂದ 2010ರಲ್ಲಿ ಹಲವು ದೇಶಗಳು ಹಿಂದೆಗೆದುಕೊಂಡ ಸಿಬುಟ್ರಮೈನ್ ಎಂಬ ಹಸಿವು ತಗ್ಗಿಸುವ ಔಷಧಿ, ಹೆಸರು ನಮೂದಾಗದೆ ಇವುಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಹಸಿರು ಚಹಾದ ಸಾಂದ್ರ ಸಾರದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಉದಾಹರಣೆಗಳೂ ಇವೆ.

ಈಗಾಗಲೇ ಏನಾದರೂ ನುಂಗುತ್ತಿದ್ದು ಎದೆ ಡವಗುಟ್ಟುತ್ತಿದ್ದರೆ ಅಥವಾ ಕಣ್ಣು ಹಳದಿಯಾಗಿದ್ದರೆ ಕೂಡಲೇ ನಿಲ್ಲಿಸಿ. ವೈದ್ಯರ ಬಳಿ ಹೋಗುವಾಗ ಆ ಪೊಟ್ಟಣವನ್ನೂ ಒಯ್ಯಿರಿ.